ಮೂರು ನೀರಲ್ಲಿ ತೊಳೆದ ಹಟಮಾರಿ

ಜನವರಿ 9, ಗುರುವಾರ

ಕಲಬೆರಕೆಯಂತೆ! ನಾನು ಒಂದೂವರೆ ವರ್ಷ ಸಾಕಿದ ಬ್ಯಾಕ್ಟೀರಿಯಾವನ್ನು ಪ್ರೊಫೆಸರ್ ವಿಟ್‌ಕಮ್ ಇವತ್ತು ಒಂದೇ ಮಾತಿನಲ್ಲಿ ಕಲಬೆರಕೆ ಎಂದು ತಳ್ಳಿಹಾಕಿದರು. ಅದೂ ಬಿಸ್ಕತ್ತು ಅಗಿಯುತ್ತ. ನನ್ನ ವರದಿಯಲ್ಲಿ ಅವರು ಓದಿದ್ದು ಮೊದಲ ಪುಟ ಮಾತ್ರ, ಅದರ ಮೇಲೂ ಚಹಾ ಕಪ್ಪಿನ ಗುರುತು.

ಬರೆದಿಡುತ್ತೇನೆ, ಇಲ್ಲದಿದ್ದರೆ ತಲೆ ಸಿಡಿದೀತು. ಇಲ್ಲೇ ಲಂಡನ್ನಿನ ಪಾರ್ಕ್ ರಾಯಲಿನ ಹುಣಸೆ ಚಟ್ನಿ ಕಾರ್ಖಾನೆಯ ಹಿಂದೆ ಕೊಳಚೆನೀರಿನ ಟ್ಯಾಂಕ್ ಇದೆ. ಅದರ ತಳದ ಕೆಸರಿನಿಂದ ನಾನೇ ಕೈಯಾರೆ ತೆಗೆದು ತಂದದ್ದು. ಗಾಳಿ ತಾಕಿದರೆ ಸಾಯುತ್ತದೆ. ಲ್ಯಾಬಿನ ದಾಖಲೆಯಲ್ಲಿ ಅದು ಪಿಆರ್-7, ನನ್ನ ಬಾಯಲ್ಲಿ ಹಟಮಾರಿ. ಇಡೀ ಜೀನೋಮ್ ಓದಿಸಿ ಅದರ ಹತ್ತಿರದ ಬಂಧುವಿನೊಂದಿಗೆ ಹೋಲಿಸಿದೆ. ಹೋಲಿಕೆ ನೂರಕ್ಕೆ ಎಂಬತ್ತೆಂಟು. ತೊಂಬತ್ತೈದಕ್ಕಿಂತ ಕೆಳಗೆ ಬಂದರೆ ಬೇರೆಯೇ ಪ್ರಭೇದ ಎಂದು ಈ ವಿದ್ಯೆಯವರೆಲ್ಲ ಒಪ್ಪಿದ್ದಾರೆ. ಪ್ರೊಫೆಸರು ಮಾತ್ರ ಒಂದೇ ಒಂದು ಜೀನನ್ನು ಹಿಡಿದು ಕೂತಿದ್ದಾರೆ. ಆ ಜೀನಿನ ಪ್ರಕಾರ ಇದು ಅವರೇ ಇಪ್ಪತ್ತು ವರ್ಷದ ಹಿಂದೆ ಹೆಸರಿಟ್ಟ ಹಳೆಯ ಬ್ಯಾಕ್ಟೀರಿಯಾ. ಹೊಸದು ಎಂದು ಒಪ್ಪಿದರೆ ಅವರ ಹಳೆಯ ವರ್ಗೀಕರಣ ಅಲ್ಲಾಡುತ್ತದೆಯಲ್ಲ, ಅದಕ್ಕೆ.

ಅವರ ಕೈಯಲ್ಲೂ ಒಂದು ಅಸ್ತ್ರ ಇದೆ ಅನ್ನುವುದೇ ನನ್ನ ಸಂಕಟ. ಹಟಮಾರಿ ಒಂಟಿಯಾಗಿ ಬೆಳೆಯುವುದಿಲ್ಲ. ಯಾವಾಗಲೂ ಅದರ ಪಕ್ಕದಲ್ಲಿ ಇನ್ನೊಂದು ಗುಂಡು ಬ್ಯಾಕ್ಟೀರಿಯಾ ಇರುತ್ತದೆ, ಎಲ್ಲ ಲ್ಯಾಬುಗಳಲ್ಲೂ ಸಿಗುವ ಮಾಮೂಲಿನದು. ಎರಡರ ಡಿಎನ್‌ಎ ಬೆರೆತೇ ನಿಮಗೆ ಎಂಬತ್ತೆಂಟು ಬಂದಿದೆ, ಒಂಟಿಯಾಗಿ ಬೆಳೆಸಿ ತೋರಿಸಿ, ಆಮೇಲೆ ಮಾತಾಡೋಣ ಅನ್ನುತ್ತಾರೆ. ನಿಯಮವೂ ಹಾಗೇ ಇದೆ: ಹೊಸ ಹೆಸರಿಡಬೇಕಾದರೆ ಶುದ್ಧ ತಳಿಯನ್ನು ಜೀವಂತವಾಗಿ ಎರಡು ದೇಶಗಳ ಸಂಗ್ರಹಾಲಯಗಳಿಗೆ ಕೊಡಬೇಕು.

ಮಾರ್ಚ್ ಕೊನೆಗೆ ನನ್ನ ಕೆಲಸದ ಕರಾರು ಮುಗಿಯುತ್ತದೆ. ಅವತ್ತೇ ನಮ್ಮ ಚೇಂಬರನ್ನೂ ಆಫ್ ಮಾಡುತ್ತಾರಂತೆ. ಆಮ್ಲಜನಕವಿಲ್ಲದ ಆ ಪ್ಲಾಸ್ಟಿಕ್ ಗೂಡು ಇಲ್ಲದೆ ಹಟಮಾರಿ ಒಂದು ಗಂಟೆಯೂ ಬದುಕುವುದಿಲ್ಲ. ಸರಿ, ಪ್ರೊಫೆಸರೇ. ನೋಡೇಬಿಡೋಣ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೆಲ್ಲದ ತಟ್ಟೆ ಹಿಡಿದು ಇಂಚರಾಳ ಕೋಣೆಗೆ ಹೋದರೆ ಮೂಗು ಮುಚ್ಚಿಕೊಂಡಳು. "ಅಮ್ಮಾ, ಯೂ ಸ್ಮೆಲ್ ಲೈಕ್ ಅ ಡ್ರೈನ್." ಹದಿನೈದು ವರ್ಷದ ಮಗಳು ಹಬ್ಬದ ದಿನ ತಾಯಿಗೆ ಆಡುವ ಒಳ್ಳೆಯ ಮಾತು! ಸ್ನಾನ ಮಾಡಿಯೇ ಬಂದಿದ್ದೆ. ಹಟಮಾರಿಯ ಈ ವಾಸನೆ ಕೂದಲಿಗೆ ಹತ್ತಿದರೆ ಬಿಡುವುದಿಲ್ಲ.

ಊಟಕ್ಕೆ ಕೂತಾಗ ಅವಳೇ ಕೇಳಿದಳು, ಅದು ಹೊಸದು ಅಂತ ನಿನಗೆ ಹೇಗೆ ಗೊತ್ತು ಎಂದು. ಒಂದೇ ಜೀನ್ ನೋಡಿ ತೀರ್ಮಾನಿಸುವುದು ಅಂದರೆ ಬರೀ ಮೂಗು ನೋಡಿ ಇವರಿಬ್ಬರೂ ಅಕ್ಕತಂಗಿ ಅನ್ನುವ ಹಾಗೆ, ಇಡೀ ಜೀನೋಮ್ ನೋಡುವುದು ಅಂದರೆ ಮನೆಗೇ ಹೋಗಿ ವಿಚಾರಿಸಿದ ಹಾಗೆ ಎಂದೆ. "ಸೋ ಯುವರ್ ಬಾಸ್ ಓನ್ಲಿ ಡಸ್ ನೋಸಸ್?" ಅಂದಳು. ನನ್ನ ಗಂಡ ಲಕ್ಷ್ಮೀಶನಿಗೆ ನಗು ತಡೆಯಲಾಗದೆ ಸಾರು ನೆತ್ತಿಗೇರಿತು.

ಅವನು ಕ್ಯಾನರಿ ವಾರ್ಫಿನಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವವನು. "ಆ ಜೀನೋಮ್ ಫೈಲ್‌ಗಳನ್ನ ನಂಗೆ ಕೊಡೇ ವಿಶೂ, ಒಂದು ಸ್ಕ್ರಿಪ್ಟ್ ಬರ್ದು ಎರಡನ್ನೂ ಬೇರೆ ಮಾಡ್ಕೊಡ್ತೀನಿ" ಅಂದ. ಬೇಡ ಎಂದೆ. ನಾಳೆ ಅದಕ್ಕೂ ಪ್ರೊಫೆಸರು ಕಲಬೆರಕೆ ಅನ್ನುತ್ತಾರೆ. ಇದು ನನ್ನ ಕೆಲಸ, ನನ್ನೊಬ್ಬಳ ಕೈಯಲ್ಲೇ ಆಗಬೇಕು.

ಜನವರಿ 27, ಸೋಮವಾರ

ಚೇಂಬರಿನ ಮೇಲೆ ಟೇಪ್ ಅಂಟಿಸಿದೆ: "ವಿಶಾಲಾಕ್ಷಿ ಮಾತ್ರ". ಇಂಗ್ಲಿಷಿನಲ್ಲೂ ಬರೆದೆ, ಕನ್ನಡದಲ್ಲೂ ಬರೆದೆ. ಕನ್ನಡದ್ದು ಅನ್ನೆಟ್‌ಗೋಸ್ಕರ.

ಅನ್ನೆಟ್ ನಮ್ಮ ಲ್ಯಾಬ್ ಮ್ಯಾನೇಜರ್, ಉಡುಪಿ ಕಡೆಯ ಶಿರ್ವದವಳು. ಟೇಪ್ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಎಂತ ಮಾರಾಯ್ತಿ ಇದು? ಲ್ಯಾಬಾ, ನಿನ್ನ ಅಜ್ಜಿಯ ಅಡಿಗೆಮನೆಯಾ? ನಾವು ಮುಟ್ಟಿದ್ರೆ ಮೈಲಿಗೆಯಾ?"

ಮೈ ಉರಿಯಿತು. ಅಮ್ಮನ ಮಡಿಯ ಕಾಟಕ್ಕೆ ನಾನು ಎಷ್ಟು ಜಗಳ ಆಡಿದ್ದೇನೆ ಎಂದು ಇವಳಿಗೇನು ಗೊತ್ತು? ಉಪ್ಪಿನಕಾಯಿ ಭರಣಿ ಮುಟ್ಟಿದೆ ಎಂದು ಎಸ್ಸೆಸ್ಸೆಲ್ಸಿ ಓದುವ ಹುಡುಗಿಯನ್ನು ಇಡೀ ಮಧ್ಯಾಹ್ನ ಹೊರಗೆ ನಿಲ್ಲಿಸಿದ್ದರು. ಇದು ಮಡಿಯಲ್ಲ, ವಿಜ್ಞಾನ ಎಂದೆ. ಅವಳು ಗೂಡಿನ ಆಚೆಯಿಂದ ನಾನು ಮಾಡುವುದನ್ನೇ ನೋಡುತ್ತ ನಿಂತಳು. ಸೂಜಿಮೊನೆಯಷ್ಟು ಚಿಕ್ಕ ಹಟಮಾರಿಯ ಚುಕ್ಕೆಯನ್ನು ಎತ್ತಿಕೊಂಡು, ಹೊಸ ದ್ರಾವಣದಲ್ಲಿ ಅಲುಗಾಡಿಸಿ, ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜಿಗೆ ಹಾಕಿ, ಮೇಲಿನ ನೀರು ಚೆಲ್ಲಿ, ಮತ್ತೆ ಹೊಸ ದ್ರಾವಣ. ಹೀಗೆ ಮೂರು ಸಲ. ಪಕ್ಕದ ಗುಂಡು ಬ್ಯಾಕ್ಟೀರಿಯಾದ ಒಂದು ಕಣವೂ ಅಂಟಿಕೊಂಡಿರಬಾರದು.

"ಅಕ್ಕಿಯನ್ನೂ ಇಷ್ಟು ತೊಳೆಯುದಿಲ್ಲ ನಾವು" ಅಂದಳು ಅನ್ನೆಟ್. ಆ ಗುಂಡಗಿನದಕ್ಕೆ ಪಕ್ಕದ್ಮನೆಯವಳು ಎಂದು ಅವಳೇ ಹೆಸರಿಟ್ಟಳು. ಮಾತಿಗೆ ಮಾತು ಬೆಳೆಸದೆ ಹಟಮಾರಿಯನ್ನು ಒಂಟಿಯಾಗಿ ಹೊಸ ಪೆಟ್ರಿ ತಟ್ಟೆಗೆ ಹಾಕಿ ಬಂದೆ.

ಫೆಬ್ರವರಿ 3, ಸೋಮವಾರ

ಸತ್ತಿತು. ತಟ್ಟೆ ಖಾಲಿ. ಪಕ್ಕದ್ಮನೆಯವಳ ಜೊತೆ ಬೆಳೆಯುವುದು ಮಾತ್ರ ಜೀವಂತ. ಥೂ.

ಫೆಬ್ರವರಿ 10, ಸೋಮವಾರ

ಸೆಮಿನಾರು. ಇಡೀ ವಿಭಾಗ ಸೇರಿತ್ತು. ನಾನು ಮಾತು ಮುಗಿಸುವ ಮೊದಲೇ ಪ್ರೊಫೆಸರು ಎದ್ದುನಿಂತು, ವಿಶಾ ಅವರಿಗೆ ಚಟ್ನಿಯಲ್ಲಿ ಹೊಸ ಲೋಕವೇ ಕಾಣಿಸಿದೆ, ನಮಗೂ ಸ್ವಲ್ಪ ಬಡಿಸಿದರೆ ಚೆನ್ನಾಗಿತ್ತು ಅಂದರು. ಎಲ್ಲರೂ ನಕ್ಕರು. ವಿಶಾಲಾಕ್ಷಿ ಅನ್ನಲು ಆರು ವರ್ಷವಾದರೂ ನಾಲಗೆ ತಿರುಗಿಲ್ಲ, ತಮಾಷೆಗೆ ಮಾತ್ರ ಚೆನ್ನಾಗಿ ತಿರುಗುತ್ತದೆ.

ನಾನೂ ಬಿಡಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದು ಜೀನ್ ನೋಡಿ ಮಾಡಿದ ತೀರ್ಮಾನವನ್ನು ಇವತ್ತು ಇಡೀ ಜೀನೋಮ್ ಕೈಯಲ್ಲಿರುವಾಗ ಮತ್ತೊಮ್ಮೆ ಪರೀಕ್ಷಿಸಲು ನಿಮಗೆ ಭಯವೇ ಎಂದು ನೇರವಾಗಿ ಕೇಳಿದೆ. ಯಾರೂ ನಗಲಿಲ್ಲ. ಪ್ರೊಫೆಸರ ಕತ್ತು ಕೆಂಪಾಯಿತು. ಇದನ್ನು ಹೊಸ ಪ್ರಭೇದ ಎಂದು ಬರೆಯುವುದಾದರೆ ಆ ಲೇಖನದಲ್ಲಿ ನನ್ನ ಹೆಸರು ಇರಕೂಡದು ಅಂದರು.

"ಸರಿ ಪ್ರೊಫೆಸರ್, ತೆಗೆದೆ" ಎಂದೆ.

ಹೊರಗೆ ಬಂದೆ. ಅನ್ನೆಟ್ ಲಿಫ್ಟಿನಲ್ಲಿ ನನ್ನ ಕೈ ಹಿಡಿದುಕೊಂಡು, "ಇವತ್ತು ಹೇಳಿದ್ಯಲ್ಲ, ಭಾರೀ ಲಾಯ್ಕಾಯ್ತು. ಆದ್ರೆ ಇನ್ನು ನೀನು ಅದನ್ನು ಬೆಳೆಸಿಯೇ ತೋರಿಸ್ಬೇಕು, ಆಯ್ತಾ?" ಅಂದಳು. ಗೊತ್ತು. ಚೆನ್ನಾಗಿ ಗೊತ್ತು.

ಫೆಬ್ರವರಿ 16, ಭಾನುವಾರ

ವಿಭಾಗದ ಕಂಪ್ಯೂಟರುಗಳು ರಿಪೇರಿಗೆ ಎಂದು ವಾರವಿಡೀ ಬಂದ್. ಬೇರೆ ದಾರಿಯಿಲ್ಲದೆ ಫೈಲುಗಳನ್ನು ಲಕ್ಷ್ಮೀಶನಿಗೆ ಕೊಟ್ಟೆ. ಬೇರೆ ದಾರಿಯಿರಲಿಲ್ಲ, ಅಷ್ಟೇ. ಅವನು ಬನಿಯನ್ನಿನಲ್ಲೇ ಊಟದ ಮೇಜಿನ ಮುಂದೆ ಕೂತು ಎರಡು ಜೀನೋಮುಗಳನ್ನು ಬೇರೆ ಮಾಡಿದ. ಹೋಲಿಕೆ ಈಗಲೂ ಎಂಬತ್ತೆಂಟೇ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ಅವನು ಪರದೆಯ ಮೇಲೆ ಬೆರಳಿಟ್ಟ.

"ಇಲ್ನೋಡೇ, ಈ ಭಾಗ ಪೂರ್ತಿ ಖಾಲಿ. ಬೇರೆ ಎಲ್ಲಾದ್ರಲ್ಲೂ ಇರೋ ಜೀನ್‌ಗಳು ನಿನ್ ಹಟಮಾರೀಲಿ ಇಲ್ವಲ್ಲ."

ಎರಡು ಜೀವಸತ್ವಗಳನ್ನು ತಯಾರಿಸುವ ಜೀನುಗಳು. ಮೊದಲೇ ನೋಡಿದ್ದೆ. ಓದುವಾಗ ತಪ್ಪಿಹೋಗಿರಬೇಕು, ಇದನ್ನು ಕಂಡರೆ ಪ್ರೊಫೆಸರು ಇನ್ನಷ್ಟು ಕುಣಿಯುತ್ತಾರೆ ಎಂದು ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

"ತಪ್ಪಿಹೋಗಿದೆ ಅಂತ ಯಾಕೆ ಅಂದ್ಕೋತೀಯ? ನಮ್ಮಲ್ಲಿ ಇದನ್ನ ಡಿಪೆಂಡೆನ್ಸಿ ಅಂತೀವಿ. ನಮ್ ಪ್ರೋಗ್ರಾಮ್‌ನಲ್ಲಿ ಇಲ್ದೇ ಇರೋದು ಇನ್ನೊಂದರಲ್ಲಿ ಇರುತ್ತೆ, ಅಲ್ಲಿಂದ ತಗೊಳ್ಳುತ್ತೆ. ಅದನ್ನ ಕಿತ್ತಾಕಿದ್ರೆ ಇದು ಓಡೋದೇ ಇಲ್ಲ."

ಪಕ್ಕದ್ಮನೆಯವಳ ಜೀನೋಮ್ ತೆರೆದು ನೋಡಿದೆವು. ಎರಡೂ ಜೀವಸತ್ವಗಳ ಜೀನುಗಳು ಒಂದೂ ಬಿಡದೆ ಅಲ್ಲಿದ್ದವು. ಹಟಮಾರಿ ಅವಳ ಮನೆಯಿಂದ ಕಡ ತಂದು ತಿನ್ನುತ್ತಿದೆ! ನಾನು ಒಂದೂವರೆ ವರ್ಷದಿಂದ ಆ ಬಾಗಿಲು ಮುಚ್ಚಿ, ಬದುಕು ಬದುಕು ಅನ್ನುತ್ತಿದ್ದೆ. ಲಕ್ಷ್ಮೀಶನ ತಲೆಗೆ ಒಂದು ಮೊಟಕಿ, ಕಾಫಿ ಮಾಡಿಕೊಟ್ಟೆ.

ಫೆಬ್ರವರಿ 20, ಗುರುವಾರ

ಉಪಾಯ ಸರಳ. ಪಕ್ಕದ್ಮನೆಯವಳನ್ನು ಬೇರೆಯಾಗಿ ಬೆಳೆಸಿ, ಅವಳು ಬೆಳೆದ ಸಾರನ್ನು ಸೋಸಿ ತೆಗೆಯುವುದು. ಒಂದು ಜೀವಕೋಶವೂ ನುಸುಳದಂಥ ಸಣ್ಣ ಜರಡಿ. ಆ ಸಾರನ್ನು ಬೆರೆಸಿದ ತಟ್ಟೆಗೆ ಹಟಮಾರಿಯನ್ನು ಒಂಟಿಯಾಗಿ ಹಾಕುವುದು. ಶುದ್ಧ ತಳಿಯೂ ಆಯಿತು, ಅದರ ಹೊಟ್ಟೆಗೂ ಆಯಿತು. ಸಾರು ತಯಾರಿಸುವ ಕೆಲಸವನ್ನು ಅನ್ನೆಟ್ ತಾನೇ ಮಾಡುತ್ತೇನೆ ಅಂದಳು. ಸರಿ, ಸಾರು ತಾನೇ, ಮಾಡಲಿ. ಚೇಂಬರಿನ ಒಳಗಿನದು ಮಾತ್ರ ನನ್ನದು.

ಮೂರು ಸಲ ತೊಳೆದು ಹಾಕಿದೆ. ಈ ಸಲ ಬೆಳೆಯದೆ ಎಲ್ಲಿಗೆ ಹೋಗುತ್ತದೆ?

ಮಾರ್ಚ್ 3, ಸೋಮವಾರ

ಇಲ್ಲ. ಇಲ್ಲ. ಇಲ್ಲ. ಹತ್ತು ತಟ್ಟೆಗಳಲ್ಲಿ ಒಂದರಲ್ಲೂ ಇಲ್ಲ.

ಪ್ರೊಫೆಸರಿಗೆ ಯಾರು ಹೇಳಿದರೋ. ಕಾರಿಡಾರಿನಲ್ಲಿ ತಡೆದು, ತುಂಬ ಮೃದುವಾಗಿ, ಇನ್ನು ಇದನ್ನು ಬಿಟ್ಟುಬಿಡಿ, ಫೈಲುಗಳನ್ನೆಲ್ಲ ನನಗೆ ಕೊಟ್ಟು ಹೋಗಿ, ಹಳೆಯ ಪ್ರಭೇದದ ಒಂದು ತಳಿ ಎಂದು ಸಣ್ಣ ಟಿಪ್ಪಣಿ ಬರೆಸುತ್ತೇನೆ, ಅದರಲ್ಲಿ ನಿಮ್ಮ ಹೆಸರೂ ಇರುತ್ತದೆ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಕರುಣೆ ಬೇಡ. ಕೊಡುವುದಿಲ್ಲ ಎಂದು ಹೇಳಿ ಬಂದೆ. ಟ್ಯೂಬ್ ರೈಲಿನಲ್ಲಿ ನಮ್ಮ ಪಿನ್ನರ್ ಸ್ಟೇಷನ್ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಇಂಗ್ಲಿಷರ ಒಳ್ಳೆಯ ಗುಣ, ಯಾರೂ ಏನೂ ಕೇಳಲಿಲ್ಲ.

ಮಾರ್ಚ್ 11, ಮಂಗಳವಾರ

ಜ್ವರ. ಎದ್ದರೆ ತಲೆ ಸುತ್ತುತ್ತದೆ. ಜಿಪಿಗೆ ಫೋನ್ ಮಾಡಿದರೆ ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ. ಇದನ್ನು ಹೇಳಲು ಡಾಕ್ಟರು ಯಾಕೆ ಬೇಕು?

ಇವತ್ತು ಹಟಮಾರಿಯನ್ನು ಸಾರು ಬೆರೆಸಿದ ಹೊಸ ತಟ್ಟೆಗೆ ಬದಲಿಸಲೇಬೇಕು, ಇಲ್ಲದಿದ್ದರೆ ಪಕ್ಕದ್ಮನೆಯವಳ ಜೊತೆ ಉಳಿದಿರುವುದೂ ಹೋಗುತ್ತದೆ. ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದೆ. ಲಕ್ಷ್ಮೀಶ ಬೀಗದ ಕೈ ಕಿತ್ತುಕೊಂಡ. "ದಾರೀಲಿ ಬಿದ್ರೆ ನಿನ್ನ ಎತ್ತಾಕೋರು ಯಾರು? ಅನ್ನೆಟ್‌ಗೆ ಫೋನ್ ಮಾಡು. ಮಾಡ್ತೀಯೋ, ನಾನೇ ಮಾಡ್ಲೋ?"

ಮಾಡಿದೆ. ಒಂದೊಂದು ಹೆಜ್ಜೆಯನ್ನೂ ಹೇಳಿದೆ. ತೊಳೆಯುವುದನ್ನು ಎರಡೆರಡು ಸಲ ಹೇಳಿದೆ. "ಆಯ್ತು, ಆಯ್ತು, ನೀನು ಮಲಗು" ಅಂದಳು. "ಮತ್ತೆ ಆ ಟೇಪು? ವಿಶಾಲಾಕ್ಷಿ ಮಾತ್ರ ಅಂತ ಉಂಟಲ್ಲ?" ಈ ಹೊತ್ತಿನಲ್ಲೂ ತಮಾಷೆ ಅವಳಿಗೆ.

ಮಾರ್ಚ್ 18, ಮಂಗಳವಾರ

ಬೆಳೆದಿದೆ!

ಜ್ವರ ಬಿಟ್ಟು ಇವತ್ತೇ ಲ್ಯಾಬಿಗೆ ಹೋದದ್ದು. ಚೇಂಬರಿನೊಳಗೆ ಅನ್ನೆಟ್ ಹಾಕಿದ ತಟ್ಟೆಗಳ ಮೇಲೆಲ್ಲ ಸೂಜಿಮೊನೆಯ ಚುಕ್ಕೆಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದೆ: ಬಾಗಿದ ತೆಳು ಕಡ್ಡಿಗಳು ಮಾತ್ರ. ಗುಂಡಗಿನದು ಒಂದೂ ಇಲ್ಲ. ಒಂಟಿ. ಶುದ್ಧ. ಕಣ್ಣು ಮಂಜಾಗಿ ಮತ್ತೆ ಮತ್ತೆ ಒರೆಸಿಕೊಂಡು ನೋಡಿದೆ.

"ನೀನು ಏನು ಮಾಡಿದೆ?" ಎಂದು ಕೇಳಿದೆ.

"ನೀನು ಹೇಳಿದ್ದೇ." ಆಮೇಲೆ ಕೈಗವಸು ಕಳಚುತ್ತ, "ತೊಳಿಲಿಲ್ಲ ಮಾತ್ರ."

"ಏನು?"

"ಸೆಂಟ್ರಿಫ್ಯೂಜ್ ಹಾಳಾಗಿತ್ತು ಮಾರಾಯ್ತಿ! ರಿಪೇರಿಯವ ನಾಳೆ ಬರ್ತೇನೆ ಅಂದ. ನಿನಗೆ ಫೋನ್ ಮಾಡಿದ್ರೆ ನೀನು ಜ್ವರದಲ್ಲೇ ಓಡಿ ಬರ್ತಿದ್ದಿ. ಅದಕ್ಕೆ ಒಂದೊಂದೇ ಚುಕ್ಕೆ ಹೆಕ್ಕಿ, ಹಾಗೆಯೇ ನೇರ ಹಾಕಿದೆ. ಬೈಯುವುದಾದ್ರೆ ಬೈ."

ಬೈದೆ. ಇಡೀ ಕೋಣೆಗೆ ಕೇಳುವ ಹಾಗೆ ಬೈದೆ. ಒಂದು ಸಣ್ಣ ಕೆಲಸ, ಎಷ್ಟು ಸಲ ಹೇಳಿದ್ದೆ, ಯಾರನ್ನೂ ನಂಬಲಿಕ್ಕಿಲ್ಲ ಎಂದೆಲ್ಲ ಕೂಗಿದೆ. ಅವಳು ಕೈಕಟ್ಟಿ ಕೇಳಿದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಆದ್ರೆ ಬೆಳೆದಿದೆ" ಅಂದಳು.

ಬೆಳೆದಿದೆ. ಕುರ್ಚಿಯ ಮೇಲೆ ಕೂತುಬಿಟ್ಟೆ. ತೊಳೆದ ಒಂದು ಚುಕ್ಕೆ, ತೊಳೆಯದ ಒಂದು ಚುಕ್ಕೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ತೊಳೆಯದ್ದರ ಸುತ್ತ ತೆಳ್ಳಗೆ ಲೋಳೆಯ ಪದರ. ತೊಳೆದದ್ದರ ಮೈ ಬೋಳು, ಅರ್ಧದಷ್ಟು ಕಡ್ಡಿಗಳು ಒಡೆದು ಚೂರಾಗಿದ್ದವು. ಆ ಲೋಳೆಯೇ ಅದರ ಹೊದಿಕೆ. ಕೊಳೆ ಎಂದು ನಾನು ಮೂರು ನೀರಲ್ಲಿ ತೊಳೆದು ಚೆಲ್ಲುತ್ತಿದ್ದದ್ದು ಅದನ್ನೇ.

ಅದನ್ನು ಕೊಲ್ಲುತ್ತಿದ್ದವಳು ನಾನೇ. ಯಾವ ತಟ್ಟೆಯ ತಪ್ಪೂ ಅಲ್ಲ, ಪ್ರೊಫೆಸರ ತಪ್ಪೂ ಅಲ್ಲ. ಉಪ್ಪಿನಕಾಯಿ ಭರಣಿಗಾಗಿ ಅಮ್ಮನ ಜೊತೆ ಅಷ್ಟು ಜಗಳವಾಡಿದ ನಾನೇ.

ಅನ್ನೆಟ್ ಕ್ಯಾಂಟೀನಿನಿಂದ ಎರಡು ಚಹಾ ತಂದಳು. ಅವಳ ಕಪ್ಪಿನಲ್ಲಿ ಸಕ್ಕರೆ ಜಾಸ್ತಿಯಿತ್ತು, ಬದಲಾಯಿಸಿಕೊಂಡು ಕುಡಿದೆ.

ಮಾರ್ಚ್ 26, ಬುಧವಾರ

ಶುದ್ಧ ತಳಿಯ ಜೀನೋಮ್ ಓದಿಸಿದ್ದಾಯಿತು. ಲಕ್ಷ್ಮೀಶ ರಜೆ ಹಾಕಿ ಹೋಲಿಸಿಕೊಟ್ಟ. ಎಂಬತ್ತೆಂಟು! ಬೆರಕೆಯಿಲ್ಲ, ಪಕ್ಕದ್ಮನೆಯವಳ ಒಂದು ಅಕ್ಷರವೂ ಇಲ್ಲ, ಆದರೂ ಎಂಬತ್ತೆಂಟು.

ಪ್ರೊಫೆಸರ ಮೇಜಿನ ಮೇಲಿಟ್ಟೆ. ಈ ಸಲ ಕೊನೆಯ ಪುಟದವರೆಗೂ ಓದಿದರು. ಚಹಾ ಆರಿಹೋಯಿತು. ಒಪ್ಪುತ್ತೇನೆ ಅಂದರು. ಆ ಮಾತಿಗೆ ಅವರಿಗೆ ಕಷ್ಟವಾಯಿತು, ಆದರೂ ಅಂದರು. ಆಮೇಲೆ ಕನ್ನಡಕ ಒರೆಸುತ್ತ, ಲ್ಯಾಬನ್ನು ಕಟ್ಟಿದವರ ಹೆಸರನ್ನು ಹೊಸ ಪ್ರಭೇದಕ್ಕೆ ಇಡುವ ಪದ್ಧತಿಯೊಂದಿದೆ, ನೀವು ಬಲ್ಲಿರಿ, ಅಂದರು. ಲೇಖನದಲ್ಲಿ ಹಿರಿಯರಿಗೆ ಮೀಸಲಾದ ಕೊನೆಯ ಹೆಸರು ತಮ್ಮದೇ ಇರಲಿ ಎಂದೂ ಸೇರಿಸಿದರು.

"ಇದನ್ನು ಹೊಸದು ಎಂದು ಬರೆದರೆ ನಿಮ್ಮ ಹೆಸರು ಇರಕೂಡದು ಎಂದು ಎಲ್ಲರೆದುರು ಹೇಳಿದ್ದಿರಿ, ಪ್ರೊಫೆಸರ್. ನಾನು ಹಾಗೇ ಮಾಡಿದ್ದೇನೆ. ಚೇಂಬರ್ ಕೊಟ್ಟದ್ದಕ್ಕೆ ಕೃತಜ್ಞತೆ ಹೇಳಿದ್ದೇನೆ."

ಹಾಗಾದರೆ ಲೇಖಕರು ಯಾರು ಎಂದು ಕೇಳಿದರು. ನಾನು, ಅನ್ನೆಟ್, ಲಕ್ಷ್ಮೀಶ ಎಂದೆ. ಬ್ಯಾಂಕಿನವನೇ ಎಂದು ಹುಬ್ಬೇರಿಸಿದರು. ಬ್ಯಾಂಕಿನವನೇ ಎಂದೆ. ಹೆಸರು? ಪಾರ್ಕ್‌ರಾಯಲೆನ್ಸಿಸ್. ಗೋದಾಮುಗಳ ಬಡಾವಣೆಯ ಹೆಸರಲ್ಲವೇ ಅದು ಅಂದರು. ಅದು ಹುಟ್ಟಿದ್ದು ಅಲ್ಲೇ, ಪ್ರೊಫೆಸರ್, ಎಂದೆ.

ಕರಾರು ಮುಂದುವರಿಸುವ ಮಾತನ್ನು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳುವವಳೂ ಅಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ಮೈಸೂರಿನಿಂದ ಅಮ್ಮನ ವಿಡಿಯೊ ಕಾಲ್. ತಂಗಿಯ ಮನೆಯಲ್ಲಿ ಬೇವು ಬೆಲ್ಲ ಹಂಚುತ್ತಿದ್ದರು. "ಆ ಹುಳ ಬದುಕಿತೇನೇ?" ಎಂದು ಕೇಳಿದರು. ಬದುಕಿತು ಅಮ್ಮ, ತೊಳೆಯುವುದು ಬಿಟ್ಟೆ, ಬದುಕಿತು ಎಂದೆ. "ಅಯ್ಯೋ, ತೊಳೀದೇ ಹೇಗೇ?" ಅಂದರು. ನಗು ಬಂತು. ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಜ್ವರದ ಸುಸ್ತು ಇನ್ನೂ ಇದೆ, ಅದಕ್ಕೇ ಇರಬೇಕು.

ಮಾರ್ಚ್ 31, ಸೋಮವಾರ

ಕೊನೆಯ ದಿನ. ಹಟಮಾರಿಯನ್ನು ಗಾಳಿಯಾಡದ ಗಾಜಿನ ಕೊಳವೆಗಳಿಗೆ ಹಾಕಿ ಬಿಗಿದೆವು. ಒಂದು ಜರ್ಮನಿಯ ಸಂಗ್ರಹಾಲಯಕ್ಕೆ, ಇನ್ನೊಂದು ಪುಣೆಯದಕ್ಕೆ. ಎರಡೂ ಪೆಟ್ಟಿಗೆಗಳಲ್ಲಿ ಅದರ ಪಕ್ಕದಲ್ಲೇ ಪಕ್ಕದ್ಮನೆಯವಳ ಕೊಳವೆ. ಅವಳ ಸಾರಿಲ್ಲದೆ ಅಲ್ಲಿಯವರು ಇದನ್ನು ಸಾಕುವುದು ಹೇಗೆ? ಕೊನೆಯ ಕೊಳವೆಯನ್ನು ಮುಚ್ಚಿದ್ದು ಅನ್ನೆಟ್, ನನ್ನ ಕೈಗಿಂತ ಅವಳ ಕೈ ನಿಧಾನ.

ಮಧ್ಯಾಹ್ನ ಚೇಂಬರನ್ನು ಆಫ್ ಮಾಡಿದರು. ಗೂಡು ಮೆಲ್ಲಗೆ ಕುಸಿದು ಮಡಚಿಕೊಂಡಿತು. ನೋಡಲಾಗಲಿಲ್ಲ. ನನ್ನ ಟೇಪ್ ಇನ್ನೂ ಅದರ ಮೇಲಿತ್ತು, ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ನಾಳೆಯಿಂದ ನನಗೆ ಕೆಲಸವಿಲ್ಲ. ಅವರು ಬೇಕಾದರೆ ಈ ಕೋಣೆಗೆ ಬೀಗ ಹಾಕಿಕೊಳ್ಳಲಿ, ಹಟಮಾರಿ ಇನ್ನು ಎರಡು ದೇಶಗಳಲ್ಲಿ ಬದುಕಿರುತ್ತದೆ. ಅದರ ಹೆಸರನ್ನು ಅಳಿಸುವುದು ಯಾರಿಂದಲೂ ಆಗದು.

ಪೆಟ್ಟಿಗೆಯ ಜೊತೆ ಬೆಳೆಸುವ ಕ್ರಮವನ್ನು ಬರೆದು ಕಳಿಸಬೇಕು. ಅನ್ನೆಟ್‌ಳ ಮೇಜಿನಲ್ಲಿ ಕೂತು ಟೈಪ್ ಮಾಡಿದೆ. ಆಮ್ಲಜನಕ ತಾಕಕೂಡದು. ಪಕ್ಕದ ಬ್ಯಾಕ್ಟೀರಿಯಾದ ಸೋಸಿದ ಸಾರನ್ನು ತಪ್ಪದೆ ಬೆರೆಸಬೇಕು. ಒಂದು ಕ್ಷಣ ಬೆರಳು ನಿಂತಿತು. ಆಮೇಲೆ ಕೊನೆಯ ಸಾಲು: ತೊಳೆಯಬಾರದು.

ಅನ್ನೆಟ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಅದನ್ನು ದಪ್ಪ ಅಕ್ಷರದಲ್ಲಿ ಹಾಕು ಮಾರಾಯ್ತಿ. ಅಲ್ಲಿಯೂ ನಿನ್ನಂಥವರು ಇರ್ತಾರೆ."

ಹಾಕಿದೆ.